ಬ್ಯಾಕಪ್ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ನಮ್ಮ ತಾಳೆಗರಿ ಫೋಟೊಗಳಿರುವ ಹಳೇ ಕಂಪ್ಯೂಟರಿಗೆ ಇರೋದು 1 ಜಿಬಿ ರ‍್ಯಾಮ್ ಮಾತ್ರ. ನಿನ್ನೆ ರಾತ್ರಿ ಬ್ಯಾಕಪ್ ನಡುವೆ ಪೂರ್ತಿ ನಿಂತುಹೋಯಿತು. ಮೌಸ್ ಅಲ್ಲಾಡಿಸಿದರೂ ಬಾಣ ಕದಲಲಿಲ್ಲ, ಡಿಸ್ಕಿನ ದೀಪ ಮಾತ್ರ ಮಿಣುಕುತ್ತಲೇ ಇತ್ತು.

ಕಾರಣ ಸಿಕ್ಕಿದೆ. ನಾವು ಫೈಲು ನಕಲು ಮಾಡಲು ಬಳಸುವ ಆರ್‌ಸಿಂಕ್ ಪ್ರೋಗ್ರಾಮ್ 2008ರಲ್ಲಿ ಬಂದ 3.0 ಆವೃತ್ತಿಯಿಂದ ಫೋಲ್ಡರ್‌ಗಳನ್ನು ಸ್ವಲ್ಪಸ್ವಲ್ಪವೇ ಓದುತ್ತ ಹೋಗುತ್ತದೆ, ಹಾಗಾಗಿ ಕಡಿಮೆ ಮೆಮೊರಿ ಸಾಕು. ಆದರೆ ನಾವು ಹಾಕಿದ್ದ 'ಡಿಲೀಟ್ ಆಫ್ಟರ್' (ಮೂಲದಲ್ಲಿ ಇಲ್ಲದ ಫೈಲನ್ನು ನಕಲು ಮುಗಿದ ಮೇಲೆ ಬ್ಯಾಕಪ್‌ನಿಂದ ಅಳಿಸುವ) ಆಯ್ಕೆಗೆ ಎಲ್ಲ ಫೈಲುಗಳ ಪಟ್ಟಿ ಒಮ್ಮೆಗೇ ಬೇಕು. ರ‍್ಯಾಮ್ ತುಂಬಿದ್ದು ಅದರಿಂದಲೇ. ಅದನ್ನು ತೆಗೆದಿದ್ದೇನೆ, ದಯವಿಟ್ಟು ಯಾರೂ ಮತ್ತೆ ಸೇರಿಸಬೇಡಿ.

ಇನ್ನು ಮುಂದೆ ದಿನಕ್ಕೊಂದು ಹೊಸ ಫೋಲ್ಡರ್. ಆರ್‌ಸಿಂಕ್‌ನ 'ಲಿಂಕ್ ಡೆಸ್ಟ್' ಆಯ್ಕೆಯಲ್ಲಿ ಹಿಂದಿನ ದಿನದ ಫೋಲ್ಡರ್ ತೋರಿಸಿ. ಬದಲಾಗದ ಫೋಟೊಗೆ ಹಾರ್ಡ್ ಲಿಂಕ್ ಆಗುತ್ತದೆ, ಅಂದರೆ ಇನ್ನೊಂದು ನಕಲಿಲ್ಲದೆ ಅದೇ ಫೈಲು ಹೊಸ ಫೋಲ್ಡರಿನಲ್ಲೂ ಕಾಣುತ್ತದೆ, ಜಾಗ ಹಿಡಿಯುವುದು ಹೊಸ ಫೋಟೊ ಮಾತ್ರ. ಇದಕ್ಕೆ ಹಾರ್ಡ್ ಲಿಂಕ್ ಆಗುವ ಎಕ್ಸ್‌ಟಿ4ನಂಥ ಫಾರ್ಮ್ಯಾಟಿನ ಡಿಸ್ಕ್ ಬೇಕು, ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನ ಪೆನ್‌ಡ್ರೈವಿನಲ್ಲಿ ಹಾರ್ಡ್ ಲಿಂಕ್ ಆಗುವುದಿಲ್ಲ.

ಮಳೆಗೆ ಕರೆಂಟ್ ಹೋದರೆ ಗಾಬರಿ ಬೇಡ. ಬಂದ ಮೇಲೆ ಅದೇ ಕಮಾಂಡ್ ಕೊಡಿ, ಉಳಿದದ್ದನ್ನು ಮುಂದುವರಿಸುತ್ತದೆ. ಬೂಸ್ಟು ಹಿಡಿದ ಗರಿಗಳನ್ನು ಎರಡನೇ ಸಲ ಬಿಚ್ಚಿ ಫೋಟೊ ತೆಗೆಯಲು ಆಗಲಿಕ್ಕಿಲ್ಲ, ಹಾಗಾಗಿ ಭಾನುವಾರ ಒಬ್ಬರು ಬಂದು ನಾಲ್ಕೈದು ಫೋಟೊ ತೆರೆದು ನೋಡಿ.