ಕಟ್ಟೆ ಸರ್ಕಾರದ್ದು, ನೀರಿನ ಸರದಿ ಊರಿನದಾಗಲಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಆದಿವಾಸಿ ಹಳ್ಳಿಗಳಲ್ಲಿ ಟ್ಯಾಂಕರಿನ ಮುಂದೆ ಖಾಲಿ ಕೊಡಗಳು ಸಾಲುಗಟ್ಟಿದ ಚಿತ್ರಗಳು ಪತ್ರಿಕೆಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುತ್ತವೆ. ಅವನ್ನು ಕಂಡವರಿಗೆ ಆ ಸೀಮೆಗಳಲ್ಲಿ ಮಳೆಯೇ ಇಲ್ಲವೆಂದು ಅನ್ನಿಸುವುದು ಸಹಜ. ಆದರೆ ಜಾರ್ಖಂಡ್ ಮತ್ತು ಅದಕ್ಕೆ ಅಂಟಿಕೊಂಡಿರುವ ಪಶ್ಚಿಮ ಬಂಗಾಳದ ಪುರುಲಿಯಾ ಭಾಗದಲ್ಲಿ ವರ್ಷಕ್ಕೆ ಸುಮಾರು 1,200 ಮಿಲಿಮೀಟರ್, ಕೆಲವೆಡೆ ಅದಕ್ಕೂ ಹೆಚ್ಚು ಮಳೆಯಾಗುತ್ತದೆ. ಇಳಿಜಾರಿನ ನೆಲ, ತೆಳುವಾದ ಮೇಲ್ಮಣ್ಣು, ಅದರಡಿ ಗಟ್ಟಿಬಂಡೆ ಇರುವುದರಿಂದ ನಾಲ್ಕು ತಿಂಗಳಲ್ಲಿ ಸುರಿದದ್ದರಲ್ಲಿ ಬಹುಪಾಲು ಹಳ್ಳ ಸೇರಿ ಹರಿದುಹೋಗುತ್ತದೆ. ಮುಂಗಾರಿನ ನಡುವೆ ಹತ್ತು ಹದಿನೈದು ದಿನ ಬಿಡುವು ಬಿದ್ದರೂ ಮೇಲಿನ ಹೊಲದ ಭತ್ತ ಸೊರಗುತ್ತದೆ. ಕೊರತೆ ಇರುವುದು ಮಳೆಯದಲ್ಲ, ಬಿದ್ದ ಮಳೆಯನ್ನು ಹಿಡಿದಿಡುವ ವ್ಯವಸ್ಥೆಯದು.

ಈ ಭಾಗದಲ್ಲಿ ಪ್ರದಾನ್ ಎಂಬ ಸ್ವಯಂಸೇವಾ ಸಂಸ್ಥೆ ರೂಢಿಗೆ ತಂದ ಉಪಾಯವೊಂದು ಬಹಳ ಸರಳವಾದುದು. ಪ್ರತಿಯೊಂದು ಗದ್ದೆಯ ನೂರರಲ್ಲಿ ಐದು ಭಾಗದಷ್ಟು ಜಾಗದಲ್ಲಿ ಗುಂಡಿ ತೋಡಿ ಮಳೆನೀರು ನಿಲ್ಲಿಸುವುದೇ ಅದರ ತಿರುಳು. ಒಬ್ಬನೇ ರೈತ ತೋಡಿದರೆ ಅವನಿಗೆ ಸಿಗುವ ಲಾಭ ಅಷ್ಟಕ್ಕಷ್ಟೆ. ಇಳಿಜಾರಿನುದ್ದಕ್ಕೂ ಎಲ್ಲರೂ ತೋಡಿದಾಗ ಮೇಲಿನವನ ಗುಂಡಿಯಿಂದ ಜಿನುಗಿದ ನೀರು ಕೆಳಗಿನವನ ಗದ್ದೆಯಲ್ಲಿ ತೇವವಾಗಿ ಉಳಿಯುತ್ತದೆ. ನೀರಿನ ಕೆಲಸವನ್ನು ಫಲಾನುಭವಿಗಳ ಪಟ್ಟಿ ಹಿಡಿದು ಬಿಡಿಬಿಡಿಯಾಗಿ ಮಾಡಬಾರದು, ಊರನ್ನೇ ಒಂದಾಗಿ ಕಾಣಬೇಕು ಎನ್ನುವುದಕ್ಕೆ ಇದಕ್ಕಿಂತ ನೇರವಾದ ಕಾರಣ ಬೇಕಿಲ್ಲ.

ಇದನ್ನು ಆದಿವಾಸಿಗಳಿಗೆ ಹೊರಗಿನವರು ಕಲಿಸಬೇಕೆಂದೂ ಇಲ್ಲ. ಮಧ್ಯಪ್ರದೇಶದ ಆಲಿರಾಜಪುರದ ಗುಡ್ಡಗಳಲ್ಲಿ ಭಿಲ್ ಸಮುದಾಯದವರು ಮಳೆಗಾಲ ಮುಗಿದ ಮೇಲೆ ತೊರೆಗೆ ಅಡ್ಡಲಾಗಿ ಕಲ್ಲು ಪೇರಿಸಿ, ಸಂದುಗಳಿಗೆ ತೇಗದ ಎಲೆ ಮತ್ತು ಮಣ್ಣು ಮೆತ್ತಿ, ಗುಡ್ಡದ ಅಂಚಿನಗುಂಟ ತೆಗೆದ ಕಾಲುವೆಯಲ್ಲಿ ಹೊಲಗಳಿಗೆ ನೀರು ಹಾಯಿಸುತ್ತಾರೆ. ‘ಪಾಟ್’ ಎಂದು ಕರೆಯುವ ಈ ಕಾಲುವೆಯ ನೀರು ಮನೆಮನೆಗೆ ಸರದಿಯ ಮೇಲೆ ಸಲ್ಲುತ್ತದೆ. ಅದರಿಂದಲೇ ಹಿಂಗಾರಿನಲ್ಲಿ ಗೋಧಿ, ಕಡಲೆ ಬೆಳೆಯುತ್ತಾರೆ. ಒಡ್ಡು ಪ್ರತಿವರ್ಷ ಕೊಚ್ಚಿಹೋಗುತ್ತದೆ, ಪ್ರತಿವರ್ಷ ಊರಿನವರೇ ಸೇರಿ ಕಟ್ಟುತ್ತಾರೆ. ಗುತ್ತಿಗೆದಾರ ಕಟ್ಟಿಕೊಟ್ಟ ಕಾಂಕ್ರೀಟಿನ ಚೆಕ್ ಡ್ಯಾಂ ನಾಲ್ಕೈದು ವರ್ಷಗಳಲ್ಲಿ ಹೂಳು ತುಂಬಿ ನಿಂತರೆ ಅದನ್ನು ಯಾರು ತೆಗೆಯಬೇಕೆಂಬುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಗಟ್ಟಿ ಯಾವುದು, ತಾತ್ಕಾಲಿಕ ಯಾವುದು ಎಂಬ ನಮ್ಮ ಲೆಕ್ಕವೇ ಇಲ್ಲಿ ತಲೆಕೆಳಗಾಗಿದೆ.

ಹೊಸ ಕಾಮಗಾರಿ ಬೇಡವೆಂಬುದು ನನ್ನ ವಾದವಲ್ಲ. ಒಡಿಶಾದಲ್ಲಿ ಗ್ರಾಮ ವಿಕಾಸ್ ಸಂಸ್ಥೆ 1992ರಿಂದ ಗುಡ್ಡದ ಒರತೆಗಳ ನೀರನ್ನು ವಿದ್ಯುತ್ತಿನ ಹಂಗಿಲ್ಲದೆ ಕೊಳವೆಯ ಮೂಲಕ ಆದಿವಾಸಿ ಮನೆಗಳ ಅಂಗಳಕ್ಕೆ ಇಳಿಸಿದೆ. ಕೆಲಸ ಶುರುವಾಗುವ ಮೊದಲು ಊರಿನ ಪ್ರತಿಯೊಂದು ಕುಟುಂಬವೂ ಒಪ್ಪಿರಬೇಕು, ಕುಟುಂಬಕ್ಕೆ ಸರಾಸರಿ 1,000 ರೂಪಾಯಿಯಂತೆ ಊರಿನ ನಿಧಿ ಕೂಡಬೇಕು ಎಂಬುದು ಅದು ಇಟ್ಟ ಷರತ್ತು. ಮುಂದೆ ಹೊಸದಾಗಿ ಮನೆ ಹೂಡುವವರಿಗೂ ಅದೇ ಸೌಲಭ್ಯ ಸಿಗಲೆಂದು ನಿಧಿಯ ಬಡ್ಡಿಯನ್ನು ಮೀಸಲಿಡಲಾಗುತ್ತದೆ. ಬಡವರಿಂದ ಹಣ ಕೇಳುವುದು ಕಠಿಣವೆನ್ನಿಸಬಹುದು, ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಒಂದು ಮನೆಯೂ ಹೊರಗುಳಿಯಬಾರದೆಂಬ ನಿಯಮದಿಂದಾಗಿ, ಊರಂಚಿನಲ್ಲಿರುವ ಅತಿ ಬಡ ಕುಟುಂಬದ ಒಪ್ಪಿಗೆಯಿಲ್ಲದೆ ಊರಿನ ಮುಖ್ಯಸ್ಥನ ಮನೆಗೂ ನಲ್ಲಿ ಬರುವುದಿಲ್ಲ.

ನೀರಾವರಿಯಲ್ಲಿ ಇಂಥ ನ್ಯಾಯ ಇನ್ನೂ ಕಷ್ಟ, ಏಕೆಂದರೆ ಅಲ್ಲಿ ಜಮೀನಿದ್ದವನಿಗೇ ನೀರು. ಆದಿವಾಸಿ ಪ್ರದೇಶವಲ್ಲದಿದ್ದರೂ ಮಹಾರಾಷ್ಟ್ರದ ಪುರಂದರ ತಾಲ್ಲೂಕಿನಲ್ಲಿ ವಿಲಾಸರಾವ್ ಸಾಳುಂಖೆಯವರು 1970ರ ದಶಕದಲ್ಲಿ ಆರಂಭಿಸಿದ ಪಾಣಿ ಪಂಚಾಯತಿಯನ್ನು, ಅಂದರೆ ರೈತರೇ ಸೇರಿ ನೀರು ಹಂಚಿಕೊಳ್ಳುವ ಏರ್ಪಾಟನ್ನು, ಇಲ್ಲಿ ನೆನೆಯಬೇಕು. ತಲೆಗೆ ಅರ್ಧ ಎಕರೆಗಾಗುವಷ್ಟು, ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗಾಗುವಷ್ಟು ನೀರು, ಕಬ್ಬು ನಿಷಿದ್ಧ, ಭೂಮಿಯಿಲ್ಲದವರಿಗೂ ಪಾಲು. ಈ ಲೆಕ್ಕ ಯಾವ ಹಳ್ಳಿಯಲ್ಲಾದರೂ ಚರ್ಚೆಗೆ ಯೋಗ್ಯವಾದುದು.

ಕಾನೂನಿನ ಬೆಂಬಲವೇನೂ ಇಲ್ಲದಿಲ್ಲ. ಪಂಚಾಯಿತಿ ವ್ಯವಸ್ಥೆಯನ್ನು ಅನುಸೂಚಿತ ಪ್ರದೇಶಗಳಿಗೆ, ಅಂದರೆ ಸಂವಿಧಾನದಡಿ ಗುರುತಿಸಿದ ಆದಿವಾಸಿ ಪ್ರದೇಶಗಳಿಗೆ, ವಿಸ್ತರಿಸಿದ 1996ರ ಪೆಸಾ ಕಾಯ್ದೆ ಅಲ್ಲಿನ ಸಣ್ಣ ಜಲಮೂಲಗಳ ಯೋಜನೆ ಮತ್ತು ನಿರ್ವಹಣೆಯನ್ನು ‘ಸೂಕ್ತ ಹಂತದ’ ಪಂಚಾಯಿತಿಗೆ ವಹಿಸುತ್ತದೆ. ತೊಡಕಿರುವುದು ಆ ‘ಸೂಕ್ತ’ ಎಂಬ ಪದದಲ್ಲಿಯೇ. ಗ್ರಾಮಸಭೆಯೆಂದು ನೇರವಾಗಿ ಹೇಳದೆ ಹೋದದ್ದರಿಂದ ಅಧಿಕಾರ ಮೇಲಿನ ಹಂತದಲ್ಲಿಯೇ ನಿಲ್ಲಲು ಅವಕಾಶವಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಾದರೋ, ಗ್ರಾಮಸಭೆಯ ಶಿಫಾರಸಿದ್ದರೆ ಸಣ್ಣ ಕೆರೆ, ಕಾಲುವೆ, ಕುಡಿಯುವ ನೀರಿನ ಕೊಳವೆಗಳಿಗೆ ಒಂದು ಹೆಕ್ಟೇರಿಗೆ ಮೀರದಷ್ಟು ಅರಣ್ಯಭೂಮಿಯನ್ನು ಬಳಸಲು ಅನುವು ಮಾಡಿಕೊಟ್ಟಿದೆ. ಕರ್ನಾಟಕದಲ್ಲಿ ಅನುಸೂಚಿತ ಪ್ರದೇಶಗಳಿಲ್ಲದ ಕಾರಣ ಪೆಸಾ ಇಲ್ಲಿ ಅನ್ವಯಿಸದು. ನಮ್ಮ ಹಾಡಿಗಳಿಗೆ ಉಳಿದಿರುವುದು ಈ ಎರಡನೆಯ ದಾರಿ.

ನೀರು ಬಂದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲವೆಂಬುದೂ ನಿಜ. ಗುಜರಾತಿನ ವಾಂಸದಾ ಭಾಗದಲ್ಲಿ ಬೈಫ್ ಎಂಬ ಸ್ವಯಂಸೇವಾ ಸಂಸ್ಥೆ 1982ರಲ್ಲಿ ಶುರುಮಾಡಿದ ‘ವಾಡಿ’ (ಹಣ್ಣಿನ ತೋಟ) ಕಾರ್ಯಕ್ರಮ ಆದಿವಾಸಿ ಕುಟುಂಬದ ಸುಮಾರು ಒಂದು ಎಕರೆ ಬರಡು ನೆಲದಲ್ಲಿ ಮಾವು, ಗೋಡಂಬಿ ಬೆಳೆಸಿ, ಸಾಲುಗಳ ನಡುವೆ ಧಾನ್ಯ, ತರಕಾರಿಗೆ ಎಡೆ ಮಾಡಿತು. ಗಿಡ ಫಲಕ್ಕೆ ಬರುವ ತನಕದ ಮೊದಲ ವರ್ಷಗಳ ಬೇಸಿಗೆಯಲ್ಲಿ ಬುಡಕ್ಕೆ ಒಂದಿಷ್ಟು ನೀರು ಉಣಿಸಲಾಗದಿದ್ದರೆ ಆ ಶ್ರಮವೆಲ್ಲ ವ್ಯರ್ಥ.

ಆದ್ದರಿಂದ ತಮ್ಮ ಪತ್ರಿಕೆಯಲ್ಲಿ ನನ್ನದೊಂದು ವಿನಂತಿ. ಆದಿವಾಸಿ ಹಳ್ಳಿಗಳ ನೀರಿನ ಯೋಜನೆಗಳ ಬಗ್ಗೆ ವರದಿ ಮಾಡುವಾಗ ಎಷ್ಟು ಕಟ್ಟೆ ಕಟ್ಟಲಾಯಿತು, ಎಷ್ಟು ಕೋಟಿ ವೆಚ್ಚವಾಯಿತು ಎಂಬುದರ ಜೊತೆಗೆ, ಅದರ ನೀರಿನ ಸರದಿಯನ್ನು ನಿಶ್ಚಯಿಸಿದವರು ಯಾರು, ಡಿಸೆಂಬರಿನಲ್ಲಿ ಅಲ್ಲಿ ಎರಡನೆಯ ಬೆಳೆ ನಿಂತಿತ್ತೇ, ದೀಪಾವಳಿ ಕಳೆದ ಮೇಲೆ ಬೀಗ ಹಾಕಿ ಗುಳೆ ಹೊರಟ ಮನೆಗಳೆಷ್ಟು ಎಂಬುದನ್ನೂ ದಯವಿಟ್ಟು ಕೇಳಿ ಬರೆಯಬೇಕು.

ಇತಿ,
ಓರ್ವ ಓದುಗ