ತೀರ್ಪನ್ನು ನಮ್ಮ ಕೈಗೇ ಬಿಡುವ ಪುಸ್ತಕಗಳು

ಶಿಡ್ಲಘಟ್ಟ

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ತುಮಕೂರಿನಲ್ಲಿ ಎಲ್ಲರೂ ಕ್ಷೇಮವೆಂದು ತಿಳಿದು ಸಂತೋಷವಾಯಿತು. ಇತ್ತೀಚೆಗೆ ಓದಿದವುಗಳಲ್ಲಿ ಮನಸ್ಸಿಗೆ ಹಿಡಿಸಿದ ಪುಸ್ತಕಗಳ ಹೆಸರು ಬರೆದು ಕಳಿಸು ಎಂದು ಕೇಳಿದ್ದೀಯ. ಬರೀ ಹೆಸರುಗಳಾಗಿದ್ದರೆ ಒಂದು ಕಾರ್ಡಿನಲ್ಲಿ ಮುಗಿಯುತ್ತಿತ್ತು. ಆದರೆ ನಿವೃತ್ತಿಯ ನಂತರ ಕೈಗೆತ್ತಿಕೊಂಡ ಕಾದಂಬರಿಗಳೆಲ್ಲ ಅರ್ಧಕ್ಕೇ ನಿಂತುಹೋಗುತ್ತಿವೆ, ಹತ್ತು ಪುಟ ದಾಟುವುದರೊಳಗೆ ಲೇಖಕರು ಯಾರ ಪರ, ನಾನು ಯಾರನ್ನು ಮೆಚ್ಚಬೇಕು, ಯಾರನ್ನು ದೂರಬೇಕು ಎಂಬುದು ತಿಳಿದುಬಿಡುತ್ತದೆ, ಆಮೇಲೆ ಓದುವುದಕ್ಕೆ ಏನು ಉಳಿಯಿತು ಎಂದು ನೀನು ಬರೆದಿರುವ ಮಾತು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಕೋರ್ಟಿನಲ್ಲಿ ಶಿರಸ್ತೇದಾರನಾಗಿ ಎರಡೂ ಕಡೆಯವರ ಮಾತು ಕೇಳಿ ಪಳಗಿದ ನಿನಗೆ ಹಾಗನ್ನಿಸುವುದು ಸಹಜವೇ ಆಗಿದೆ. ಬೆಳೆದವರು ಓದುವ ಪುಸ್ತಕಕ್ಕೆ ಬೇರೆ ಯಾವ ಲಕ್ಷಣ ಇರಲಿ ಬಿಡಲಿ, ಕೊನೆಯ ತೀರ್ಪನ್ನು ಓದುವವನಿಗೆ ಬಿಡುವ ಧೈರ್ಯವಾದರೂ ಇರಬೇಕು ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಆರಿಸಿದ್ದೇನೆ. ಇವುಗಳಲ್ಲಿ ಎಲ್ಲವೂ ಹೊಸದಾಗಿ ಅಚ್ಚಾದವಲ್ಲ. ನಾನು ಈಚೆಗೆ ಓದಿದವು ಅಥವಾ ಮತ್ತೆ ತೆರೆದು ಓದಿದವು.

ವಿವೇಕ ಶಾನಭಾಗ ಅವರ ‘ಘಾಚರ್ ಘೋಚರ್’ ಕಿರುಕಾದಂಬರಿಯಿಂದ ಆರಂಭಿಸು. 2013ರಲ್ಲಿ ಬಂದ ಈ ಪುಸ್ತಕವನ್ನು ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಚಹಾಪುಡಿ ಮಾರುವ ಕೆಲಸದಲ್ಲಿದ್ದ ಅಪ್ಪನ ಸಂಬಳದ ಮೇಲೆ, ಇರುವೆಗಳ ಕಾಟವಿದ್ದ ಸಣ್ಣ ಮನೆಯಲ್ಲಿ ಬದುಕುತ್ತಿದ್ದ ಬೆಂಗಳೂರಿನ ಸಂಸಾರವೊಂದು, ಚಿಕ್ಕಪ್ಪ ಹೂಡಿದ ಮಸಾಲೆಪುಡಿಯ ವ್ಯಾಪಾರ ಕೈಹಿಡಿದ ಮೇಲೆ ದೊಡ್ಡ ಮನೆಗೆ ಹೋಗುವುದೇ ಇದರ ಕತೆ. ಹೇಳುವವನು ಆ ಮನೆಯ ಮಗ. ಅವನ ದನಿ ಎಷ್ಟು ಮೃದುವಾಗಿದೆಯೆಂದರೆ ನಾವು ಅವನ ಪಕ್ಕದಲ್ಲಿ ಕುಳಿತು ತಲೆದೂಗುತ್ತಲೇ ಹೋಗುತ್ತೇವೆ. ಒಂದು ದಿನ ಚಿಕ್ಕಪ್ಪನನ್ನು ಹುಡುಕಿಕೊಂಡು ಹೆಂಗಸೊಬ್ಬಳು ಬಾಗಿಲಿಗೆ ಬರುತ್ತಾಳೆ, ಮನೆಯ ಹೆಂಗಸರು ಅವಳನ್ನು ಬೈದು ಅಟ್ಟುತ್ತಾರೆ. ಆ ಪುಟಗಳನ್ನು ಓದುವಾಗ, ಇಷ್ಟು ಹೊತ್ತು ನಾನು ತಲೆದೂಗಿದ್ದು ಯಾವುದಕ್ಕೆ ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ಲೇಖಕರು ಒಂದು ಕಡೆಯೂ ಈ ಜನ ಕೆಟ್ಟವರೆಂದು ಹೇಳುವುದಿಲ್ಲ. ಬಡತನದಲ್ಲಿ ಅವರನ್ನು ಉಳಿಸಿದ ಒಗ್ಗಟ್ಟೇ ಸಿರಿ ಬಂದ ಮೇಲೆ ಹೊರಗಿನವರ ಮೇಲೆ ತಿರುಗಿಬೀಳುವುದನ್ನು ತೋರಿಸಿ ಸುಮ್ಮನಾಗುತ್ತಾರೆ.

ಈ ಪುಸ್ತಕ ನನ್ನನ್ನು ಇಷ್ಟು ತಟ್ಟಲು ನಮ್ಮ ಸೀಮೆಯೂ ಕಾರಣ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬೆಂಗಳೂರಿನ ಉತ್ತರಕ್ಕೆ ಜಮೀನಿನ ಬೆಲೆ ಏರಿದ ಬಗೆಯನ್ನು ನೀನು ಬಲ್ಲೆ. ರಾಗಿ ಹೊಲ ಮಾರಿ ಒಂದೇ ವರ್ಷದಲ್ಲಿ ಅಂತಸ್ತು ಬದಲಾದ ಮನೆಗಳು ನಮ್ಮ ಪರಿಚಯದವರಲ್ಲೇ ಇವೆ. ಅಂಥ ಮನೆಗಳಲ್ಲಿ ಅಣ್ಣತಮ್ಮಂದಿರ ಮಾತಿನ ಧಾಟಿ, ಮನೆಗೆ ಬಂದ ಸೊಸೆಯನ್ನು ನೋಡುವ ರೀತಿ, ಹಣ ತಂದವನ ಮುಂದೆ ಉಳಿದವರು ತಗ್ಗುವ ಪರಿ ಹೇಗೆ ಬದಲಾಗುತ್ತವೆ ಎಂಬುದನ್ನು ಈ ಕಾದಂಬರಿ ಓದಿದ ಮೇಲೆ ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ.

ಅದು ಮುಗಿದೊಡನೆ ಅವರದೇ ‘ಸಕೀನಾಳ ಮುತ್ತು’ ಓದಬೇಕು. 2021ರಲ್ಲಿ ಬಂದದ್ದು. ಮಗಳನ್ನು ಕೇಳಿಕೊಂಡು ಇಬ್ಬರು ಯುವಕರು ಮನೆಯ ಬಾಗಿಲು ತಟ್ಟುತ್ತಾರೆ. ಅಲ್ಲಿಂದ ಮುಂದಿನ ಕೆಲವೇ ದಿನಗಳಲ್ಲಿ ಒಬ್ಬ ಮಧ್ಯವಯಸ್ಸಿನ ಗಂಡಸು ತನ್ನ ಬಗ್ಗೆ ತಾನೇ ಕಟ್ಟಿಕೊಂಡಿದ್ದ ನಂಬಿಕೆಗಳೆಲ್ಲ ಅಲುಗಾಡುತ್ತವೆ. ತಾನು ಹೆಂಡತಿಯನ್ನೂ ಮಗಳನ್ನೂ ಸರಿಸಮಾನವಾಗಿ ಕಾಣುವವನು ಎಂದು ಅವನು ಪ್ರಾಮಾಣಿಕವಾಗಿಯೇ ನಂಬಿದ್ದಾನೆ. ಆ ನಂಬಿಕೆ ಸುಳ್ಳೆಂದು ಲೇಖಕರು ಸಾರುವುದಿಲ್ಲ, ನಿಜವೆಂದು ಒಪ್ಪುವುದೂ ಇಲ್ಲ. ಹೆಣ್ಣುಮಕ್ಕಳ ತಂದೆಯಾದ ನೀನು ಇದನ್ನು ಹೇಗೆ ಓದುತ್ತೀಯೆಂದು ತಿಳಿಯುವ ಕುತೂಹಲ ನನಗಿದೆ. ನನ್ನ ಮಟ್ಟಿಗೆ ಕಳೆದ ಹತ್ತು ವರ್ಷಗಳಲ್ಲಿ ಕನ್ನಡದಲ್ಲಿ ಬಂದ ಕಾದಂಬರಿಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದದ್ದು ಸಿಕ್ಕಿಲ್ಲ.

ಚರಿತ್ರೆಯ ಕಾದಂಬರಿಯೆಂದರೆ ನೀನು ಮುಖ ತಿರುಗಿಸುವುದು ನನಗೆ ಗೊತ್ತು. ನಮ್ಮ ರಾಜರ ವೈಭವವನ್ನು ಹೊಗಳಿ, ಬೇರೆಯವರ ಕ್ರೌರ್ಯವನ್ನು ಪಟ್ಟಿ ಮಾಡುವ ಪುಸ್ತಕಗಳು ನಿನ್ನ ದೂರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಒಳಗಾಗುವಂಥವು. ಆದರೂ ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’ವನ್ನು ಬಿಡಬೇಡ. 2019ರಲ್ಲಿ ಪ್ರಕಟವಾದ ಈ ದೊಡ್ಡ ಕಾದಂಬರಿ ಎರಡು ನದಿಗಳ ದಂಡೆಯ ಮೇಲೆ ನಡೆಯುತ್ತದೆ. ಒಂದು ಲಿಸ್ಬನ್ ನಗರದ ತೇಜೋ, ಇನ್ನೊಂದು ವಿಜಯನಗರದ ತುಂಗಭದ್ರಾ. ಹದಿನೈದನೆಯ ಶತಮಾನ ಮುಗಿದು ಹದಿನಾರನೆಯದು ಆರಂಭವಾಗುವ ಕಾಲ. ವಾಸ್ಕೋ ಡ ಗಾಮ 1498ರಲ್ಲಿ ಕೇರಳದ ಕರಾವಳಿಯನ್ನು ತಲುಪಿದ ಮೇಲೆ, ಮೆಣಸಿನ ಲಾಭದ ಆಸೆಗೆ ಪೋರ್ಚುಗಲ್ಲಿನ ಬಡ ಹುಡುಗರು ಹಡಗು ಹತ್ತುತ್ತಿದ್ದ ದಿನಗಳು. ಅಂಥ ಒಬ್ಬ ಹುಡುಗ ಗೇಬ್ರಿಯಲ್, ಅವನು ಪ್ರೀತಿಸುವ ಯಹೂದಿ ಹುಡುಗಿ ಬೆಲ್ಲಾ. ಈಚೆಗೆ ತುಂಗಭದ್ರೆಯ ದಡದಲ್ಲಿ ಹಂಪಮ್ಮ ಮತ್ತು ಅವಳ ಸುತ್ತಲಿನವರು. ಅಲ್ಲಿ ದೇವರ ಹೆಸರಿನಲ್ಲಿ ಯಹೂದಿಗಳಿಗೆ ಮತಾಂತರದ ಬಲವಂತ, ಕೊಲೆ. ಇಲ್ಲಿ ಕುಲ ಮತ್ತು ಮಾನದ ಹೆಸರಿನಲ್ಲಿ ಸತಿ, ಒಡೆಯನಿಗಾಗಿ ಪ್ರಾಣ ಕೊಡುವ ಲೆಂಕರ ಪದ್ಧತಿ. ಎರಡು ದಡಗಳನ್ನೂ ಒಂದೇ ಬೆಳಕಿನಲ್ಲಿ ನೋಡುವ ಈ ನ್ಯಾಯಬುದ್ಧಿಯೇ ನನ್ನನ್ನು ಹಿಡಿದು ಓದಿಸಿತು. ನಡುವೆ ವಿವರಗಳ ಭಾರ ಹೆಚ್ಚಾಗುವ ಅಧ್ಯಾಯಗಳಿವೆ, ಘಟನೆಗಳ ರಭಸದಲ್ಲಿ ಪಾತ್ರಗಳಿಗೆ ಉಸಿರಾಡಲು ಸಮಯ ಸಿಗದ ಕಡೆಗಳೂ ಇವೆ. ಆದರೆ ಹಡಗಿನ ಪ್ರಯಾಣದ ಭಾಗವನ್ನು ಓದಿದವರು ಮಧ್ಯದಲ್ಲಿ ನಿಲ್ಲಿಸುವುದು ಸಾಧ್ಯವಿಲ್ಲ.

ಅದರ ಬೆನ್ನಿಗೇ ಗಿರೀಶ ಕಾರ್ನಾಡರ ಕೊನೆಯ ನಾಟಕ ‘ರಾಕ್ಷಸ ತಂಗಡಿ’ಯನ್ನು ಇಟ್ಟುಕೋ. 1565ರ ಯುದ್ಧ, ಅಳಿಯ ರಾಮರಾಯ, ವಿಜಯನಗರದ ಪತನ ಇದರ ವಸ್ತು. ಹಿಂದೂ ರಾಜ್ಯವನ್ನು ಮುಸ್ಲಿಂ ಸುಲ್ತಾನರು ಸೇರಿ ಹಾಳುಮಾಡಿದರು ಎಂದು ನಾವಿಬ್ಬರೂ ಶಾಲೆಯಲ್ಲಿ ಕಲಿತ ಕತೆ ಇಲ್ಲಿ ಅಷ್ಟು ಸರಳವಾಗಿ ಉಳಿಯುವುದಿಲ್ಲ. ರಾಮರಾಯನ ಜಾಣತನ, ಸಿಂಹಾಸನಕ್ಕೆ ಹುಟ್ಟಿನ ಹಕ್ಕಿಲ್ಲದವನ ಅವಮಾನ, ಹಿಂದೆ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ ನಗರದ ಮೇಲಿನ ಅವನ ಮೋಹ, ಸುಲ್ತಾನರ ನಡುವೆ ಅವನು ಆಡಿದ ಆಟ, ಇವೆಲ್ಲ ಸೇರಿ ಪತನಕ್ಕೆ ದಾರಿಯಾಗುತ್ತವೆ. ನಾಟಕವನ್ನು ಓದುವಾಗ ನಿನ್ನ ಅಭ್ಯಾಸದಂತೆ ಗಟ್ಟಿಯಾಗಿ ಓದು.

ವಸುಧೇಂದ್ರರ ‘ರೇಷ್ಮೆ ಬಟ್ಟೆ’ಯನ್ನೂ ಹೆಸರಿಸದೆ ಮುಂದೆ ಹೋಗಲಾರೆ, ಅದೂ ಈ ಊರಿನಲ್ಲಿ ಕುಳಿತು. ಕುಷಾಣರ ಕಾಲದ ರೇಷ್ಮೆ ದಾರಿಯ ಕಾದಂಬರಿ ಅದು. ಹಿಪ್ಪುನೇರಳೆ ಸೊಪ್ಪು, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಗಳಿಗೆ, ಗೂಡಿನ ಮಾರುಕಟ್ಟೆ, ಕುದಿಯುವ ನೀರಿಗೆ ಕೈಯಿಟ್ಟು ಎಳೆ ಹಿಡಿಯುವ ಹೆಂಗಸರು, ಇವೆಲ್ಲ ಶಿಡ್ಲಘಟ್ಟದಲ್ಲಿ ನಮಗೆ ದಿನನಿತ್ಯದ ನೋಟ. ಈ ವಿದ್ಯೆಯನ್ನು ಚೀನಾ ದೇಶ ಶತಮಾನಗಳ ಕಾಲ ಗುಟ್ಟಾಗಿ ಕಾಪಾಡಿಕೊಂಡಿತ್ತು ಎಂಬುದನ್ನು ನೆನೆದರೆ ನಮ್ಮ ಬೀದಿಯ ನೂಲು ಬಿಚ್ಚುವ ಮನೆಗಳ ಮುಂದೆ ಹಾದುಹೋಗುವಾಗ ನನಗೆ ಗೌರವ ಮೂಡುತ್ತದೆ.

ಇನ್ನು ಸಣ್ಣಕತೆ. ಹಾಸನದ ಬಾನು ಮುಷ್ತಾಕ್ ಅವರ ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಸಂಕಲನಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವಿಬ್ಬರೂ ಫೋನಿನಲ್ಲಿ ಸಂಭ್ರಮಪಟ್ಟೆವು. ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆದರೆ ಸಂಭ್ರಮಪಟ್ಟ ಎಷ್ಟು ಮಂದಿ ಆ ಕತೆಗಳನ್ನು ಕನ್ನಡದಲ್ಲಿ ಓದಿದ್ದಾರೆ ಎಂಬುದು ನನ್ನನ್ನು ನೋಯಿಸುವ ಪ್ರಶ್ನೆ. ‘ಹಸೀನಾ ಮತ್ತು ಇತರ ಕತೆಗಳು’ ಎಂಬ ಸಂಪುಟವನ್ನು ಹುಡುಕಿ ತರಿಸಿಕೋ. ಬಾನು ಅವರು ವಕೀಲರು, ಬಂಡಾಯ ಸಾಹಿತ್ಯದಿಂದ ಬಂದವರು. ಅವರು ಪಕ್ಷ ವಹಿಸುವುದಿಲ್ಲವೆಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಅವರು ಹೆಣ್ಣಿನ ಪಕ್ಷ, ಅದನ್ನು ಮುಚ್ಚಿಡುವುದೂ ಇಲ್ಲ. ಆದರೂ ನಿನ್ನ ದೂರು ಅವರಿಗೆ ತಗಲುವುದಿಲ್ಲ, ಏಕೆಂದರೆ ಅವರ ಕತೆಯ ಜನ ಲೇಖಕಿಯ ಪಕ್ಷಕ್ಕೆ ಸುಲಭವಾಗಿ ಒಗ್ಗುವವರಲ್ಲ. ‘ಕೆಂಪು ಲುಂಗಿ’ಯ ರಜಿಯಾಳನ್ನು ನೋಡು. ಬೇಸಿಗೆ ರಜೆಯಲ್ಲಿ ಮನೆ ತುಂಬಿದ ಮಕ್ಕಳ ಗಲಾಟೆಯಿಂದ ಬೇಸತ್ತು ಅವಳು ಗಂಡುಮಕ್ಕಳಿಗೆಲ್ಲ ಒಟ್ಟಿಗೆ ಖತ್ನಾ, ಅಂದರೆ ಸುನ್ನತಿ, ಮಾಡಿಸಲು ಮುಂದಾಗುತ್ತಾಳೆ. ಬಡವರ ಮಕ್ಕಳಿಗೆ ಒಂದು ಬಗೆ, ತನ್ನ ಮನೆಯ ಮಕ್ಕಳಿಗೆ ಡಾಕ್ಟರ ಕೈಯಲ್ಲಿ ಇನ್ನೊಂದು ಬಗೆ. ಅವಳ ಮಮತೆಯೂ ನಿಜ, ಅವಳು ಮಾಡುವ ಭೇದವೂ ನಿಜ. ‘ಕರಿನಾಗರಗಳು’ ಕತೆಯಲ್ಲಿ ಗಂಡನಿಂದ ದೂರವಾದ ಹೆಂಗಸು ನ್ಯಾಯ ಕೇಳಿ ಮಸೀದಿಯ ಆಡಳಿತ ನೋಡುವ ಮುತವಲ್ಲಿಯ ಮುಂದೆ ನಿಲ್ಲುತ್ತಾಳೆ. ಗಿರೀಶ ಕಾಸರವಳ್ಳಿಯವರು ‘ಹಸೀನಾ’ ಚಿತ್ರ ಮಾಡಿದ್ದು ಈ ಕತೆಯಿಂದಲೇ. ನ್ಯಾಯ ಕೇಳಿ ಬಂದವರನ್ನು ಕಾಯಿಸುವುದೇ ಒಂದು ತೀರ್ಪು ಎಂಬುದನ್ನು ನಿನಗೆ ನಾನು ವಿವರಿಸಬೇಕಾಗಿಲ್ಲ.

ಆತ್ಮಕತೆಗಳಲ್ಲಿ ನಾನು ಈ ಸಲ ಮತ್ತೆ ಓದಿದ್ದು ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’. ನಮ್ಮದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಮನೆಯಲ್ಲಿ ಹುಟ್ಟಿ, ಓದಿನ ಆಸೆಗೆ ಬೆಂಗಳೂರಿಗೆ ನಡೆದೇ ಹೋದ ಹುಡುಗ ಅವರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡವರು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಜೀವನ ಕಳೆದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಪವಾಡಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿ ರಚಿಸಿ ನಾಡಿನಲ್ಲೆಲ್ಲ ಚರ್ಚೆ ಎಬ್ಬಿಸಿದವರು. ಗೌರಿಬಿದನೂರು, ಬಾಗೇಪಲ್ಲಿಗಳ ನ್ಯಾಷನಲ್ ಕಾಲೇಜುಗಳ ಹಿಂದೆಯೂ ಅವರ ಶ್ರಮವಿದೆ. ಗಾಂಧಿ ಟೋಪಿ, ಖಾದಿ ಪಂಚೆಯ ಈ ಮನುಷ್ಯ ಮೂಢನಂಬಿಕೆಯ ವಿಷಯದಲ್ಲಿ ಯಾರಿಗೂ ತಲೆಬಾಗಲಿಲ್ಲ.

ಈ ಪುಸ್ತಕದ ಭಾಷೆ ಬರಿಗಾಲಿನಲ್ಲಿ ನಡೆಯುವವರ ನಡಿಗೆಯಂತೆ ನೇರವಾಗಿದೆ. ಅಲಂಕಾರವಿಲ್ಲ, ತನ್ನ ಬಡತನವನ್ನು ತೋರಿಸಿ ಕಣ್ಣೀರು ಬರಿಸುವ ಆಸೆಯಿಲ್ಲ. ತಮ್ಮ ಅಭಿಪ್ರಾಯಗಳನ್ನು ಅವರು ಖಚಿತವಾಗಿ ಹೇಳುತ್ತಾರೆ. ಆದರೆ ಯಾವ ಮಾತಿಗೂ ಆಧಾರ ಕೇಳು ಎಂದು ಕಲಿಸುವ ಲೇಖಕರು ತಮ್ಮ ಮಾತಿಗೂ ಆಧಾರ ಕೇಳುವ ಹಕ್ಕನ್ನು ನಮಗೆ ಕೊಟ್ಟಿರುತ್ತಾರೆ. ಓದುವಾಗ ನಾನು ಕೆಲವು ಕಡೆ ಅವರೊಡನೆ ಮನಸ್ಸಿನಲ್ಲೇ ವಾದಿಸಿದೆ, ಶಿಸ್ತಿನ ವಿಷಯದಲ್ಲಿ ಅವರ ಕಟ್ಟುನಿಟ್ಟು ನನಗೆ ಹೆಚ್ಚೆನಿಸಿತು. ಹಾಗೆ ವಾದಿಸಲು ಬಿಡುವ ಆತ್ಮಕತೆಗಳು ನಮ್ಮಲ್ಲಿ ಹೆಚ್ಚಿಲ್ಲ. ಇದನ್ನು ಗೌರಿಬಿದನೂರಿನ ಕಡೆಯ ಪ್ರತಿಯೊಂದು ಪ್ರೌಢಶಾಲೆಯ ಮಕ್ಕಳ ಕೈಯಲ್ಲಿಡಬೇಕೆಂಬುದು ನನ್ನ ಬಹುದಿನದ ಆಸೆ.

ರೋಚಕ ಕತೆ ಬೇಕೆನಿಸಿದ ದಿನ ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’ ತೆಗೆದುಕೋ. ಹೊಯ್ಸಳರ ಕಾಲದ ಸೋಮನಾಥಪುರದ ವಿಗ್ರಹಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥ ವಸ್ತುವಿದೆ. ಅಮೆರಿಕದಿಂದ ಕೊಲಂಬಸ್ಸನ ನಂತರವೇ ಹೊರಬಂದಿತೆಂದು ಎಣಿಸುವ ಜೋಳ ಹದಿಮೂರನೆಯ ಶತಮಾನದ ಶಿಲ್ಪಿಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆಯಿಂದ ಕತೆ ಬೆಳೆಯುತ್ತದೆ. ಅದು ಜೋಳವೇ ಅಲ್ಲ ಎನ್ನುವ ವಿದ್ವಾಂಸರೂ ಇದ್ದಾರೆ. ಗಣೇಶಯ್ಯನವರು ಕೃಷಿ ವಿಜ್ಞಾನಿಗಳು, ಕತೆಯ ನಡುವೆ ಆಧಾರಗಳನ್ನು ಕೊಡುತ್ತಾ ಹೋಗುತ್ತಾರೆ. ಪಾತ್ರಗಳು ತೆಳುವಾಗಿವೆ, ಸಂಭಾಷಣೆ ಕೆಲವೊಮ್ಮೆ ಪಾಠವಾಗುತ್ತದೆ. ಆದರೂ ಪ್ರಶ್ನೆಯ ಸೆಳೆತ ಬಲವಾದದ್ದು, ಮುಂದಿನ ಸಲ ದೇವಾಲಯಕ್ಕೆ ಹೋದಾಗ ವಿಗ್ರಹದ ಕೈಯನ್ನೇ ನೋಡುತ್ತೀಯ.

ಕಾಡಿನ ಓದಿಗೆ ಕೃಪಾಕರ ಮತ್ತು ಸೇನಾನಿಯವರ ‘ಕೆನ್ನಾಯಿಯ ಜಾಡಿನಲ್ಲಿ’. ಒಂದು ಕಾಲಕ್ಕೆ ಕೊಂದವರಿಗೆ ಇನಾಮು ಕೊಡುವಷ್ಟು ದ್ವೇಷಕ್ಕೆ ಗುರಿಯಾಗಿದ್ದ ಪ್ರಾಣಿ ಈ ಕೆನ್ನಾಯಿ, ಅಂದರೆ ಕಾಡುನಾಯಿ. ಅದರ ಸಂಸಾರವನ್ನು ತಾಳ್ಮೆಯಿಂದ ಹಿಂಬಾಲಿಸಿದವರ ಬರಹ ಇದು.

ಕವಿತೆಗೆ ನಿಮ್ಮ ತುಮಕೂರಿನವರೇ ಆದ ಕೆ.ಬಿ. ಸಿದ್ದಯ್ಯನವರನ್ನು ಬಿಟ್ಟು ಬೇರೆಯವರನ್ನು ಏಕೆ ಹೇಳಲಿ? ‘ದಕ್ಷಿಣಕಾವ್ಯ’, ‘ಬಕಾಲ’, ‘ಅನಾತ್ಮ’, ‘ಗಲ್ಲೆಬಾನಿ’ ಎಂಬ ಖಂಡಕಾವ್ಯಗಳಲ್ಲಿ ಯಾವುದು ಮೊದಲು ಸಿಕ್ಕರೂ ಸರಿಯೆ. ದಲಿತ ಲೋಕದ ನೋವು ಅಲ್ಲಿ ದೂರಾಗಿ ಬರದೆ ಪುರಾಣದ, ಅವಧೂತರ ಭಾಷೆಯಾಗಿ ಬರುತ್ತದೆ. ಮೊದಲ ಓದಿಗೆ ಪೂರ್ತಿ ದಕ್ಕುವುದಿಲ್ಲ. ಅರ್ಥಕ್ಕಾಗಿ ಅವಸರಪಡದೆ, ದಿನಕ್ಕೆ ಸ್ವಲ್ಪದಂತೆ ಓದು.

ಇವೆಲ್ಲವನ್ನೂ ಕೊಳ್ಳುವ ಅಗತ್ಯವಿಲ್ಲ, ನಿಮ್ಮ ಊರಿನ ಜಿಲ್ಲಾ ಗ್ರಂಥಾಲಯದಲ್ಲಿ ಮೊದಲು ವಿಚಾರಿಸು. ಶಾನಭಾಗರ ಎರಡೂ ಪುಸ್ತಕಗಳನ್ನು ನಾನೇ ಈ ವಾರ ಅಂಚೆಯಲ್ಲಿ ಕಳಿಸುತ್ತೇನೆ. ‘ಸಕೀನಾಳ ಮುತ್ತು’ವಿನ ಅಪ್ಪನನ್ನು ಕುರಿತು ನನಗೂ ನನ್ನ ಹೆಂಡತಿಗೂ ಇನ್ನೂ ಒಮ್ಮತವಾಗಿಲ್ಲ. ಅವಳು ಅವನನ್ನು ಕ್ಷಮಿಸುವುದಿಲ್ಲ, ನನಗೆ ಅವನ ಮೇಲೆ ಕನಿಕರ ಉಳಿದಿದೆ. ನೀನು ಓದಿ ಮುಗಿಸಿದ ಮೇಲೆ ಅತ್ತಿಗೆಯವರಿಗೂ ಓದಲು ಕೊಟ್ಟು, ಇಬ್ಬರ ಅಭಿಪ್ರಾಯವನ್ನೂ ಬೇರೆ ಬೇರೆಯಾಗಿ ಬರೆದು ಕಳಿಸು.

ನಿನ್ನ ಗೆಳೆಯ