ಮುಖ್ಯಮಂತ್ರಿಗಳೇ, ರದ್ದು ಮಾಡ್ತೀವಿ ಅಂದ ಕಾಯ್ದೆ ಇನ್ನೂ ಯಾಕೆ ಇದೆ?

ಮಾನ್ಯ ಮುಖ್ಯಮಂತ್ರಿ ಸಿದ್ದರಾಮಯ್ಯನವರಿಗೆ ನಮಸ್ಕಾರಗಳು.

ಸರ್, 2023ರ ಜೂನ್ 15ರಂದು ನಿಮ್ಮ ಸಚಿವ ಸಂಪುಟ ಮತಾಂತರ ನಿಷೇಧ ಕಾಯ್ದೆಯನ್ನು ರದ್ದು ಮಾಡುವ ತೀರ್ಮಾನ ತಗೊಂಡಿತು. ಜುಲೈ ಅಧಿವೇಶನದಲ್ಲೇ ಮಸೂದೆ ತರುತ್ತೇವೆ ಅಂತ ಸಚಿವ ಎಚ್.ಕೆ. ಪಾಟೀಲರು ಹೇಳಿದರು. ಆ ಭಾನುವಾರ ನಮ್ಮ ಚರ್ಚಿನ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು ನಿಮಗೋಸ್ಕರ, ನಿಮ್ಮ ಮಂತ್ರಿಗಳಿಗೋಸ್ಕರ ಪ್ರಾರ್ಥನೆ ಮಾಡಿದರು. ನಾವೆಲ್ಲ ಆಮೆನ್ ಅಂದೆವು. ಆ ಜುಲೈ ಹೋಯಿತು. ಆಮೇಲೆ ಬೆಂಗಳೂರಿನಲ್ಲಿ, ಬೆಳಗಾವಿಯಲ್ಲಿ ಎಷ್ಟೋ ಅಧಿವೇಶನ ಬಂದು ಹೋದವು. ಗದ್ದಲ ಆಯಿತು, ಸಭಾತ್ಯಾಗ ಆಯಿತು, ಬೇರೆ ಮಸೂದೆಗಳೆಲ್ಲ ಪಾಸಾದವು. ಇದು ಮಾತ್ರ ಬರಲೇ ಇಲ್ಲ.

ಕಾನೂನಿನ ವಿಚಾರ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನೀವೇ ವಕೀಲರು. 2021ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಎರಡು ದಿನ ಇರುವಾಗ ಬೆಳಗಾವಿಯಲ್ಲಿ ಈ ಮಸೂದೆ ವಿಧಾನಸಭೆಯಲ್ಲಿ ಪಾಸಾದಾಗ ನೀವು ವಿರೋಧ ಪಕ್ಷದ ನಾಯಕರು. ಇದು ಸಂವಿಧಾನಕ್ಕೆ ವಿರುದ್ಧ ಅಂದವರು ನೀವೇ. ಡಿ.ಕೆ. ಶಿವಕುಮಾರ್ ಅವರು ಸದನದಲ್ಲೇ ಪ್ರತಿ ಹರಿದು ಹಾಕಿದ್ದನ್ನು ನಾವು ಟಿವಿಯಲ್ಲಿ ನೋಡಿದೆವು. ಹರಿದದ್ದು ಕಾಗದ ಮಾತ್ರ ಅಂತ ಆಗ ನಮಗೆ ಗೊತ್ತಿರಲಿಲ್ಲ.

ನಾನು ಯಾಕೆ ಬರೆಯುತ್ತಿದ್ದೇನೆ ಅಂತ ಹೇಳುತ್ತೇನೆ. ನಮ್ಮದು ಸಣ್ಣ ಊರು. ನಾನು ಬಟ್ಟೆ ಹೊಲಿಯುತ್ತೇನೆ, ಯಜಮಾನರು ಆಟೋ ಓಡಿಸುತ್ತಾರೆ. ಅವರ ಅಜ್ಜನ ಕಾಲದಿಂದ ಆ ಮನೆಯವರು ಕ್ರೈಸ್ತರು. ಅತ್ತೆ ತೀರಿಕೊಂಡು ವರ್ಷ ತುಂಬಿತು ಅಂತ ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಂಡಿದ್ದೆವು. ಪಾಸ್ಟರ್ ಬಂದಿದ್ದರು, ನೆಂಟರು ಬಂದಿದ್ದರು. ಅತ್ತೆಗೂ ಪಕ್ಕದ ಮನೆ ಅಜ್ಜಿಗೂ ಭಾರಿ ಸ್ನೇಹ, ದಿನಾ ಸಂಜೆ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಹಾಗಾಗಿ ಆ ಅಜ್ಜಿಯನ್ನೂ, ಓಣಿಯ ಇನ್ನೊಂದೆರಡು ಮನೆಯವರನ್ನೂ ಊಟಕ್ಕೆ ಕರೆದಿದ್ದೆವು. ಅವರಿಗೆ ಅಂತಲೇ ಬೇರೆ ಪಾತ್ರೆಯಲ್ಲಿ ಪುಳಿಯೋಗರೆ ಮಾಡಿದ್ದೆ.

ಬೈಬಲ್‌ನ 23ನೇ ಕೀರ್ತನೆ ಓದುತ್ತಿರುವಾಗ ಹುಡುಗರ ಗುಂಪು ಒಳಗೆ ನುಗ್ಗಿತು. ಚಪ್ಪಲಿ ಹಾಕಿಕೊಂಡೇ ಬಂದರು, ಮೊಬೈಲ್ ಹಿಡಿದುಕೊಂಡು ವಿಡಿಯೋ ಮಾಡುತ್ತಲೇ ಬಂದರು. ಆ ಅಜ್ಜಿಯ ಮುಖಕ್ಕೆ ಮೊಬೈಲ್ ಹಿಡಿದು, 'ಎಷ್ಟು ದುಡ್ಡು ಕೊಟ್ರು ಹೇಳಜ್ಜಿ, ಹೆದರಬೇಡ' ಅಂದರು. ಎಪ್ಪತ್ತು ದಾಟಿದ ಜೀವ, ಪುಳಿಯೋಗರೆ ತಟ್ಟೆ ಕೈಯಲ್ಲೇ ಇತ್ತು. 'ನಾನು ಊಟಕ್ಕೆ ಬಂದೀನಪ್ಪ, ಅವಳು ನನ್ನ ಗೆಳತಿ' ಅಂತ ಅಳುತ್ತಾ ಹೇಳಿದರು. ಯಾರು ಕೇಳುತ್ತಾರೆ? ಪೊಲೀಸರು ಬಂದರು. ನುಗ್ಗಿದವರನ್ನು ಬಿಟ್ಟು ನಮ್ಮನ್ನು ಜೀಪು ಹತ್ತಿಸಿದರು. ರಾತ್ರಿಯವರೆಗೆ ಠಾಣೆಯ ಬೆಂಚಿನ ಮೇಲೆ ಕೂರಿಸಿ, ಕೊನೆಗೆ ಪಾಸ್ಟರ್ ಹತ್ತಿರವೂ ನನ್ನ ಯಜಮಾನರ ಹತ್ತಿರವೂ ಮುಚ್ಚಳಿಕೆ ಬರೆಸಿಕೊಂಡರು. ಇನ್ನು ಮುಂದೆ ಮನೆಯಲ್ಲಿ ಪ್ರಾರ್ಥನೆ ಮಾಡಲ್ಲ ಅಂತ. ಸ್ವಂತ ಮನೆಯಲ್ಲಿ, ಸ್ವಂತ ತಾಯಿಯ ಹೆಸರಲ್ಲಿ! ಅತ್ತೆಯ ಬೈಬಲ್ ಅನ್ನೂ ಸಾಕ್ಷಿ ಅಂತ ತಗೊಂಡರು. ಅದರ ಮೊದಲ ಪುಟದಲ್ಲಿ ಮನೆಯ ಮಕ್ಕಳು ಮೊಮ್ಮಕ್ಕಳು ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ ಎಲ್ಲ ಅತ್ತೆ ನೀಲಿ ಶಾಯಿಯಲ್ಲಿ ಬರೆದಿಟ್ಟಿದ್ದರು. ಕೇಳಿದಾಗಲೆಲ್ಲ 'ಸಾಹೇಬ್ರು ಇಲ್ಲ, ನಾಳೆ ಬನ್ನಿ' ಅನ್ನುತ್ತಾರೆ. ಇವತ್ತಿಗೂ ಕೊಟ್ಟಿಲ್ಲ.

ಕೇಸು ಹಾಕಿಲ್ಲವಲ್ಲ, ಅಷ್ಟಕ್ಕೇ ಸಂತೋಷಪಡಿ ಅಂದವರಿದ್ದಾರೆ. ಭಯ ಇರೋದೇ ಅಲ್ಲಿ ಸರ್. ಕೇಸು ಹಾಕಬೇಕಾಗಿಯೇ ಇಲ್ಲ, 'ಹಾಕ್ತೀವಿ' ಅಂದರೆ ಸಾಕು. ಕೋರ್ಟಿಗೆ ಹೋಗದೆ ಜಾಮೀನು ಸಿಗದ ಅಪರಾಧ ಅದು. ಹೆಂಗಸರು, ಅಪ್ರಾಪ್ತರು, ಪರಿಶಿಷ್ಟ ಜಾತಿ ಪಂಗಡದವರ ವಿಚಾರ ಆದರೆ 3ರಿಂದ 10 ವರ್ಷ ಜೈಲು, 50,000 ರೂಪಾಯಿ ದಂಡ. ಬಲವಂತ ಮಾಡಿಲ್ಲ, ಆಮಿಷ ಒಡ್ಡಿಲ್ಲ ಅಂತ ಸಾಬೀತು ಮಾಡುವ ಹೊರೆಯೂ ಆರೋಪಿಯದ್ದೇ. ಮಾಡದೇ ಇರುವುದನ್ನು ಮಾಡಿಲ್ಲ ಅಂತ ನಾನು ಹೇಗೆ ತೋರಿಸಲಿ? ಪುಳಿಯೋಗರೆ ಆಮಿಷ ಅಲ್ಲ ಅಂತ ಯಾವ ಕೋರ್ಟಿನಲ್ಲಿ ವಾದ ಮಾಡಲಿ? ಉಡುಗೊರೆ ಆಮಿಷ, ಉದ್ಯೋಗ ಆಮಿಷ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಕೊಟ್ಟರೂ ಆಮಿಷ. ಒಳ್ಳೆಯ ಜೀವನ ಸಿಗುತ್ತದೆ ಅಂದರೂ ಆಮಿಷವೇ. ಹೆಂಗಸರನ್ನು ಅಪ್ರಾಪ್ತರ ಸಾಲಿಗೆ ಸೇರಿಸಿದ್ದು ಯಾಕೆ ಅಂತ ಯಾರೂ ಹೇಳಲಿಲ್ಲ. ವೋಟು ಹಾಕುವಾಗ ನಮಗೆ ಬುದ್ಧಿ ಇರುತ್ತದೆ, ದೇವರನ್ನು ನಂಬುವಾಗ ಇರುವುದಿಲ್ಲವೇ?

ಇನ್ನೊಂದು ವಿಷಯ. ಯಾರಾದರೂ ಮನಸ್ಸಾರೆ ಧರ್ಮ ಬದಲಿಸಬೇಕೆಂದರೆ 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ಬರೆದುಕೊಡಬೇಕು. ಅದನ್ನು ಕಚೇರಿಯ ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪಣೆ ಕರೆಯುತ್ತಾರೆ. ಆದರೆ ಹಿಂದಿನ ಧರ್ಮಕ್ಕೆ ವಾಪಸ್ ಹೋದರೆ ಅದು ಮತಾಂತರವೇ ಅಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ. ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ ಅಂದಮೇಲೆ ಇದು ಯಾರ ಮೇಲೆ ಮಾಡಿದ ಕಾನೂನು ಅಂತ ಕೇಳಬೇಕಾ? ಬಲವಂತ, ಮೋಸ, ಬೆದರಿಕೆಗೆಲ್ಲ ಮೊದಲಿನಿಂದಲೂ ಕಾನೂನು ಇದೆ. ಅದನ್ನು ಬಳಸಲಿ, ನಮ್ಮದೇನೂ ತಕರಾರಿಲ್ಲ. ಈ ಕಾಯ್ದೆ ವಾಪಸ್ ತಗೊಳ್ಳಿ ಅಷ್ಟೇ.

ಊರಿಗೆ ಊರೇ ಮತಾಂತರ ಆಗುತ್ತಿದೆ ಅಂತ ಹೇಳುತ್ತಾರಲ್ಲ, 2001ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ನಾವು ನೂರಕ್ಕೆ 1.91ರಷ್ಟಿದ್ದೆವು. 2011ರಲ್ಲಿ 1.87. ಸರ್ಕಾರದ್ದೇ ಲೆಕ್ಕ ಇದು.

ನಮ್ಮವರಲ್ಲೂ ನನಗೆ ಬುದ್ಧಿ ಹೇಳಿದವರಿದ್ದಾರೆ. ನಮಗ್ಯಾಕೆ ರಾಜಕೀಯ, ಪ್ರಾರ್ಥನೆ ಮಾಡೋಣ, ಸುಮ್ನಿರೋಣ ಅಂದರು. ಅಧಿಕಾರಿಗಳಿಗೆ ಅಧೀನರಾಗಿರಿ ಅಂತ ಯೇಸುವಿನ ಸುವಾರ್ತೆ ಸಾರಿದ ಪೌಲ ರೋಮಾಪುರದವರಿಗೆ ಬರೆದದ್ದನ್ನು ಬೈಬಲ್‌ನಲ್ಲಿ ತೋರಿಸಿದರು. ನಾನೂ ಓದಿದ್ದೇನೆ. ಆದರೆ ಅದೇ ಪೌಲನನ್ನು ಕೊರಡೆಯಲ್ಲಿ ಹೊಡೆಯಲು ಕಟ್ಟಿದಾಗ ಅವನು ಸುಮ್ಮನಿರಲಿಲ್ಲ. ವಿಚಾರಣೆ ಮಾಡದೆ ರೋಮಿನ ಪ್ರಜೆಯನ್ನು ಹೊಡೆಯುವುದು ನ್ಯಾಯವೋ ಅಂತ ಅಲ್ಲೇ ಕೇಳಿದ. ಆಮೇಲೆ ರೋಮಿನ ಚಕ್ರವರ್ತಿ ಕೈಸರನಿಗೇ ಮೇಲ್ಮನವಿ ಹಾಕಿದ. ಬೈಬಲ್‌ನ ಅಪೊಸ್ತಲರ ಕೃತ್ಯಗಳ ಪುಸ್ತಕದಲ್ಲಿ 22 ಮತ್ತು 25ನೇ ಅಧ್ಯಾಯದಲ್ಲಿದೆ. ನಂಬಿಕೆ ಇರುವವನು ತನ್ನ ಹಕ್ಕು ಕೇಳಬಾರದು ಅಂತ ಎಲ್ಲೂ ಇಲ್ಲ. ನನಗೆ ಕೈಸರ ಬೇಕಾಗಿಲ್ಲ, ಧರ್ಮ ಸ್ವಾತಂತ್ರ್ಯ ಕೊಟ್ಟಿರುವ ಸಂವಿಧಾನದ 25ನೇ ವಿಧಿ ಸಾಕು.

ನಾವು ಎಲ್ಲಿಂದಲೋ ಬಂದವರು ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಪ್ರತಿ ವರ್ಷ ಜುಲೈ 1ಕ್ಕೆ ಪತ್ರಿಕಾ ದಿನ ಅಂತ ಆಚರಿಸುತ್ತೀರಿ. ಅದು 1843ರಲ್ಲಿ 'ಮಂಗಳೂರ ಸಮಾಚಾರ' ಹೊರಬಂದ ದಿನ, ಅದನ್ನು ತಂದ ಮೋಗ್ಲಿಂಗ್ ಬಾಸೆಲ್ ಮಿಶನ್ನಿನ ಪಾದ್ರಿ. ಕಿಟೆಲ್ ಅವರ ಕನ್ನಡ ನಿಘಂಟು ಬಂದದ್ದು 1894ರಲ್ಲಿ, ಅದೂ ಮಂಗಳೂರಿನ ಅದೇ ಮಿಶನ್ನಿನಿಂದ. ನಿಮ್ಮ ಊರಾದ ಮೈಸೂರಿನಲ್ಲಿ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರ್. ಅರಸರಿಗೆ ಇರದ ಭಯ ಚುನಾಯಿತ ಸರ್ಕಾರಕ್ಕೆ ಯಾಕೆ ಸರ್?

ನಿಮ್ಮ ಪಕ್ಷದ ಕಾರ್ಯಕರ್ತರೊಬ್ಬರನ್ನು ಕೇಳಿದೆ. ವಿಧಾನ ಪರಿಷತ್ತಿನಲ್ಲಿ ಸಂಖ್ಯೆ ಸಾಲಲ್ಲ ಅಕ್ಕ, ಈಗ ಮುಟ್ಟಿದರೆ ಆ ಕಡೆಯವರು ದೊಡ್ಡದು ಮಾಡುತ್ತಾರೆ, ಚುನಾವಣೆ ಬೇರೆ ಇದೆ ಅಂದರು. ಚುನಾವಣೆ ಯಾವಾಗ ಇರಲ್ಲ? ಒಂದು ಮುಗಿದರೆ ಇನ್ನೊಂದು. 2023ರಲ್ಲಿ 224ರಲ್ಲಿ 135 ಸ್ಥಾನ ಜನ ಕೊಟ್ಟರು. ಅದರಲ್ಲಿ ನಮ್ಮ ಓಣಿಯ ವೋಟೂ ಇದೆ. ವಿಧಾನಸಭೆಯಲ್ಲಿ ಮಸೂದೆ ಮಂಡಿಸಿ. ಪರಿಷತ್ತಿನಲ್ಲಿ ಬಿದ್ದರೆ ಬೀಳಲಿ, ಯಾರು ಬೀಳಿಸಿದರು ಅಂತ ನಾವು ನೋಡುತ್ತೇವೆ. ತರದೇ ಇದ್ದರೆ ನಿಮ್ಮನ್ನೇ ಕೇಳಬೇಕಾಗುತ್ತದೆ, ಬೇರೆ ಯಾರನ್ನು ಕೇಳೋಣ?

ಡಿಸೆಂಬರ್ ಬಂತೆಂದರೆ ನಿಮ್ಮವರು ಚರ್ಚಿಗೆ ಬರುತ್ತಾರೆ. ಶಾಲು ಹಾಕಿಸಿಕೊಳ್ಳುತ್ತಾರೆ, ಕೇಕ್ ಕತ್ತರಿಸುತ್ತಾರೆ, ಯೇಸು ಶಾಂತಿದೂತ ಅಂತ ಎರಡು ಮಾತಾಡಿ ಹೋಗುತ್ತಾರೆ. ಬರಲಿ, ಬೇಡ ಅನ್ನಲ್ಲ. ಆದರೆ ಕಾಂಪೌಂಡ್ ಗೋಡೆಗೆ ಅನುದಾನ ಕೊಡ್ತೀವಿ, ಸಮುದಾಯ ಭವನ ಕಟ್ಟಿಸ್ತೀವಿ ಅನ್ನುವ ಮಾತು ಇನ್ನು ಬೇಡ. ನಮಗೆ ಭವನ ಬೇಡ. ನಮ್ಮ ಮನೆಯ ಬಾಗಿಲು ತೆರೆದಿಟ್ಟು, ನೆರೆಯವರನ್ನು ಕೂರಿಸಿಕೊಂಡು, ಹೆದರದೆ ಒಂದು ಪ್ರಾರ್ಥನೆ ಮಾಡುವ ಹಾಗಾದರೆ ಸಾಕು. ಆ ಅಜ್ಜಿ ಅವತ್ತಿನಿಂದ ನಮ್ಮ ಜಗಲಿ ಹತ್ತಿಲ್ಲ. ಅವರ ಮಗ ಬೇಡ ಅಂದಿದ್ದಾನಂತೆ. ಅವನದೂ ತಪ್ಪಲ್ಲ, ತಾಯಿಯನ್ನು ಮತ್ತೆ ಯಾರೋ ವಿಡಿಯೋ ಮಾಡಿದರೆ ಅಂತ ಅವನಿಗೂ ಭಯ.

ಸರ್, ಮುಂದಿನ ಅಧಿವೇಶನದ ಕಾರ್ಯಕಲಾಪಗಳ ಪಟ್ಟಿಯಲ್ಲಿ ರದ್ದತಿ ಮಸೂದೆ ಇರಬೇಕು. ಅದು ಪಾಸಾಗುವವರೆಗೆ, ಮನೆ ಪ್ರಾರ್ಥನೆ ಮಾಡಿದವರಿಂದ ಮುಚ್ಚಳಿಕೆ ಬರೆಸಿಕೊಳ್ಳಬಾರದು, ನುಗ್ಗಿದವರ ಮೇಲೆ ಮೊದಲು ದೂರು ದಾಖಲಿಸಬೇಕು ಅಂತ ಎಲ್ಲ ಠಾಣೆಗಳಿಗೂ ಲಿಖಿತ ಸುತ್ತೋಲೆ ಹೊರಡಿಸಿ. ಇದಕ್ಕೆ ಪರಿಷತ್ತಿನ ಸಂಖ್ಯೆ ಬೇಕಾಗಿಲ್ಲ, ನಿಮ್ಮ ಗೃಹ ಇಲಾಖೆಯ ಒಂದು ಸಹಿ ಸಾಕು. ಮಸೂದೆ ತರುವ ಮನಸ್ಸಿಲ್ಲ ಅಂತಾದರೆ ಅದನ್ನಾದರೂ ಬಾಯಿಬಿಟ್ಟು ಹೇಳಿ. 2023ರ ಆ ತೀರ್ಮಾನ ನಂಬಿಕೊಂಡು ಕೂತವರು ಇನ್ನೂ ಕಾಯುತ್ತಿದ್ದಾರೆ.

ಇತಿ,
ನಿಮ್ಮ ರಾಜ್ಯದ ಒಬ್ಬ ಮತದಾರಳು